ಮುಚ್ಚಳವಿಲ್ಲದ ಡಬ್ಬಿಯಿಂದ ಹುಳು ಯಾಕೆ ಓಡಿಹೋಗಲಿಲ್ಲ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು. ಮಗಳು ಆರನೇ ಕ್ಲಾಸು. ಶಾಲೆಯ ಪ್ರಾಜೆಕ್ಟಿಗೆ ಅಂತ ಶಿಡ್ಲಘಟ್ಟದ ನಮ್ಮ ಭಾವನ ಮನೆಯಿಂದ ಇಪ್ಪತ್ತು ರೇಷ್ಮೆ ಹುಳು ತಂದು ಚಪ್ಪಲಿ ಡಬ್ಬಿಯಲ್ಲಿ ಸಾಕಿದಳು. ಡಬ್ಬಿಗೆ ಮುಚ್ಚಳ ಹಾಕಿರಲಿಲ್ಲ, ಆದರೂ ಒಂದು ಹುಳುವೂ ಹೊರಗೆ ಬರಲಿಲ್ಲ. ಸೊಪ್ಪು ಮುಗಿದ ದಿನ ಎಲೆಕೋಸು ಕೊಟ್ಟೆವು, ಬಾಯಿ ಹಾಕಲಿಲ್ಲ. ಈಗ ಗೂಡು ಒಡೆದು ಚಿಟ್ಟೆ ಬಂದಿವೆ. ರೆಕ್ಕೆ ಪಟಪಟ ಬಡಿಯುತ್ತವೆ, ಹಾರುವುದೇ ಇಲ್ಲ. ಇದನ್ನೆಲ್ಲ ಇವಕ್ಕೆ ಯಾರು ಕಲಿಸಿದರು? ಇದು ಅಭ್ಯಾಸವಾ, ಜೀನಾ? ಸೊಸೈಟಿಯ ಹಿಪ್ಪುನೇರಳೆ ಮರದ ಮೇಲೆ ಬಿಟ್ಟರೆ ಮತ್ತೆ ಕಾಡಿನ ಹುಳು ಆಗುತ್ತವಾ ಅಂತ ಮಗಳು ಕೇಳುತ್ತಿದ್ದಾಳೆ.

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಶಭಾಷ್ ತಿಳಿಸಿ. ಮುಚ್ಚಳ ಹಾಕದೆ ಬಿಟ್ಟು ಏನಾಗುತ್ತದೆ ಅಂತ ನೋಡಿದಳಲ್ಲ, ಅದೇ ಒಂದು ಒಳ್ಳೆಯ ಪ್ರಯೋಗ. ನಾನು ಪುಣೆಗೆ ಬಂದು ಕೀಟಗಳ ತಳಿಶಾಸ್ತ್ರ ಕಲಿಸಲು ಶುರು ಮಾಡಿ ಮೂವತ್ತು ವರ್ಷ ದಾಟಿತು. ಬೆಳೆದದ್ದು ಮಾತ್ರ ಕೋಲಾರದ ಕಡೆ, ಹುಳು ಸಾಕುವ ಮನೆಯಲ್ಲಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಯಾರು ಕಲಿಸಿದರು ಅನ್ನುವುದು ಸುಲಭದ ಪ್ರಶ್ನೆ. ಯಾರೂ ಕಲಿಸಲಿಲ್ಲ. ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಕೆಲವೇ ದಿನಕ್ಕೆ ಸಾಯುತ್ತದೆ. ಅದಕ್ಕೆ ತಿನ್ನಲು ಸರಿಯಾದ ಬಾಯಿಯೂ ಇಲ್ಲ. ಮರಿ ಹೊರಬರುವಾಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ನೋಡಿ ಕಲಿಯಲು ಹಿರಿಯರೇ ಇಲ್ಲದ ಪ್ರಾಣಿ ಅದು. ಡಬ್ಬಿಯಲ್ಲೇ ಕೂರುವುದು, ಕೋಸು ಬೇಡ ಅನ್ನುವುದು, ಹಾರದೆ ಇರುವುದು, ಎಲ್ಲವೂ ಮೊಟ್ಟೆಯ ಒಳಗೇ ಬಂದದ್ದು.

ಆದರೆ ಈ ಮೂರೂ ಒಂದೇ ಕಾರಣದಿಂದ ಬಂದವು ಅಂದುಕೊಳ್ಳಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. "ಮನುಷ್ಯ ಸಾಕಿ ಸಾಕಿ ಹುಳು ಮಂಕಾಗಿಹೋಯಿತು" ಅಂತ ತುಂಬಾ ಜನ ಹೇಳುತ್ತಾರೆ. ಅದು ಸರಿಯಲ್ಲ. ಹುಳುವಿನ ಒಂದೊಂದು ನಡವಳಿಕೆಗೂ ಅದರದೇ ಕತೆ ಇದೆ. ಕೆಲವು ನಿಜವಾಗಿ ಹೋಗಿವೆ. ಕೆಲವು ಒಳಗೇ ಇವೆ, ಹೊರಗೆ ಬರುವುದಿಲ್ಲ ಅಷ್ಟೆ. ಇನ್ನು ಕೆಲವಕ್ಕೂ ಸಾಕಣೆಗೂ ಸಂಬಂಧವೇ ಇಲ್ಲ.

ನಮ್ಮ ರೇಷ್ಮೆ ಹುಳುವಿಗೆ ಕಾಡಿನಲ್ಲಿ ಇನ್ನೂ ಒಬ್ಬ ನೆಂಟ ಇದ್ದಾನೆ. ಹೆಸರು ಬಾಂಬಿಕ್ಸ್ ಮಂಡಾರಿನಾ. ಚೀನಾ, ಕೊರಿಯಾ, ಜಪಾನಿನ ಹಿಪ್ಪುನೇರಳೆ ಮರಗಳ ಮೇಲೆ ಬದುಕುತ್ತದೆ. ಹುಳು ಕಂದು ಬಣ್ಣ. ಕೊಂಬೆಗೆ ಅಂಟಿಕೊಂಡು ಕೂತರೆ ಒಣ ಕಡ್ಡಿ ಅಂತಲೇ ಅನ್ನಿಸುತ್ತದೆ. ಅದರ ಚಿಟ್ಟೆ ಚೆನ್ನಾಗಿ ಹಾರುತ್ತದೆ. ಸುಮಾರು 5000 ವರ್ಷದ ಹಿಂದೆ ಚೀನಾದಲ್ಲಿ ಜನ ಈ ಹುಳುವನ್ನೇ ಮನೆಯೊಳಗೆ ತಂದು ಸಾಕಿದರು, ಅದರಿಂದ ಬಂದದ್ದೇ ನಮ್ಮ ಬಾಂಬಿಕ್ಸ್ ಮೋರಿ. ಇವತ್ತಿಗೂ ಎರಡೂ ಕೂಡುತ್ತವೆ, ಮರಿಗಳಿಗೂ ಮರಿಯಾಗುತ್ತದೆ. ನಮ್ಮ ಹುಳುವಿಗೆ 28 ಜೊತೆ ವರ್ಣತಂತು, ಚೀನಾದ ಕಾಡು ಹುಳುವಿಗೂ 28. ಜಪಾನಿನ ಕಾಡು ಹುಳುವಿಗೆ 27. ಮೂಲ ಎಲ್ಲಿಯದು ಅನ್ನುವುದಕ್ಕೆ ಇದೂ ಒಂದು ಗುರುತು.

ಕಡ್ಡಿಯ ಹಾಗೆ ಕಾಣುವ, ಗಾಬರಿಯಾದರೆ ಜಾಗ ಬಿಡುವ ಹುಳು, ಮುಚ್ಚಳವಿಲ್ಲದ ಡಬ್ಬಿಯಲ್ಲಿ ಕೂರುವ ಹುಳು ಆದದ್ದು ಹೇಗೆ? ನಮ್ಮ ಅಜ್ಜಿಯ ಹುಳು ಮನೆಯನ್ನು ನೆನೆದರೆ ನನಗೆ ಇದು ಬೇಗ ಅರ್ಥವಾಗುತ್ತದೆ.

ಬಿದಿರಿನ ತಟ್ಟೆಗಳು, ಒಂದರ ಮೇಲೊಂದು. ಇರುವೆ ಹತ್ತದ ಹಾಗೆ ಚೌಕಟ್ಟಿನ ಕಾಲುಗಳಿಗೆ ನೀರಿನ ಬಟ್ಟಲು. ಅಜ್ಜಿ ಬೆಳಗ್ಗೆ ಐದಕ್ಕೆ ದೀಪ ಹಿಡಿದು ಒಂದೊಂದು ತಟ್ಟೆ ನೋಡುತ್ತಿದ್ದರು. ಸೊಪ್ಪಿನ ಮೇಲೆ ಇರುವ ಹುಳುವಿನ ತಂಟೆಗೆ ಹೋಗುತ್ತಿರಲಿಲ್ಲ. ತಟ್ಟೆಯ ಅಂಚು ಹತ್ತಿ ಸುತ್ತುತ್ತಿರುವ ಹುಳು ಕಂಡರೆ ಎರಡು ಬೆರಳಲ್ಲಿ ಎತ್ತಿ ಸುಣ್ಣದ ನೀರಿನ ಡಬ್ಬಿಗೆ ಹಾಕುತ್ತಿದ್ದರು. "ಅಂಚಿಗೆ ಬಂದದ್ದು ಉಳಿಯಲ್ಲ ಕಣೋ, ಉಳಿದರೆ ಬೇರೆಯದನ್ನು ಉಳಿಸಲ್ಲ" ಅನ್ನುತ್ತಿದ್ದರು. ಒಂದು ಬೆಳೆ ಮುಗಿಯುವಷ್ಟರಲ್ಲಿ ಆ ಬೆರಳುಗಳು ಎಷ್ಟು ಸಲ ಹಾಗೆ ಆರಿಸುತ್ತಿದ್ದವೋ, ಲೆಕ್ಕವಿಲ್ಲ.

ಅಜ್ಜಿ ರೋಗ ತಡೆಯುತ್ತಿದ್ದರು, ಅಷ್ಟೆ. ತಳಿ ತಿದ್ದುವ ಯೋಚನೆ ಅವರಿಗೆ ಇರಲಿಲ್ಲ. ಈಗ ಸಾವಿರಾರು ವರ್ಷ ಹಿಂದೆ ಹೋಗಿ. ಬಿತ್ತನೆ ಗೂಡನ್ನು, ಅಂದರೆ ಮುಂದಿನ ಬೆಳೆಯ ಮೊಟ್ಟೆಗೆ ಬೇಕಾದ ಗೂಡನ್ನು, ಪ್ರತಿ ಮನೆಯಲ್ಲೂ ತಾವೇ ಆರಿಸಿ ಇಟ್ಟುಕೊಳ್ಳುತ್ತಿದ್ದ ಕಾಲ. ಅಲೆದುಹೋದ ಹುಳು ಇರುವೆ ಪಾಲು, ಕೋಳಿ ಪಾಲು, ಇಲ್ಲವೇ ಹಸಿವಿನ ಪಾಲು. ಕೂತಲ್ಲೇ ಕೂತು, ಹಾಕಿದ ಸೊಪ್ಪು ತಿಂದು, ಚಂದ್ರಿಕೆಯಲ್ಲಿ (ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟಿ) ಒಳ್ಳೆಯ ಗೂಡು ಕಟ್ಟಿದ ಹುಳುವಿಗೆ ಮಾತ್ರ ಮೊಟ್ಟೆ ಇಡುವ ಅವಕಾಶ. ವರ್ಷಕ್ಕೆ ಒಂದೇ ಬೆಳೆ ಅಂದರೂ 5000 ತಲೆಮಾರು. ನಮ್ಮ ಮೈಸೂರು ತಳಿಯಂತೆ ವರ್ಷಕ್ಕೆ ಐದಾರು ಬೆಳೆ ಬರುವ ಹುಳುವಿಗೆ ಇನ್ನೂ ಎಷ್ಟೋ ಜಾಸ್ತಿ. ಅದೇ 5000 ವರ್ಷದಲ್ಲಿ ಮನುಷ್ಯರದು ಸುಮಾರು 200 ತಲೆಮಾರು ಮಾತ್ರ. ಒಂದು ಗುಣದ ಮೇಲೆ ಇಷ್ಟು ಸಲ ಒಂದೇ ಕಡೆಗೆ ಆಯ್ಕೆ ನಡೆದರೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ.

ರಷ್ಯಾದ ನರಿಗಳ ಕತೆ ನೀವು ಕೇಳಿರಬಹುದು. 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಅವರು ಮನುಷ್ಯನಿಗೆ ಹೆದರದ ನರಿಗಳನ್ನೇ ಆರಿಸಿ ಮರಿ ಮಾಡಿಸಿದರು. ಕೆಲವೇ ದಶಕದಲ್ಲಿ ನಾಯಿಯ ಹಾಗೆ ಬಾಲ ಆಡಿಸುವ ನರಿಗಳು ಹುಟ್ಟಿದವು. ಅಲ್ಲಿ ಆರಿಸಿದ್ದೇ ನಡವಳಿಕೆಯನ್ನು, ಬೇಕೆಂದೇ. ರೇಷ್ಮೆಯಲ್ಲಿ ರೈತ ನೋಡಿದ್ದು ಗೂಡನ್ನು. ನಡವಳಿಕೆ ಅದರ ಹಿಂದೆ ಹಿಂದೆ ಬಂತು.

ಈ ಆಯ್ಕೆಯ ಗುರುತು ಜೀನುಗಳಲ್ಲಿ ಕಾಣುತ್ತದಾ ಅಂತ ಕೇಳಬಹುದು. ಕಾಣುತ್ತದೆ. 2009ರಲ್ಲಿ ಚೀನಾದ ವಿಜ್ಞಾನಿಗಳು 29 ಸಾಕು ತಳಿ ಮತ್ತು 11 ಕಾಡು ಹುಳುಗಳ ಇಡೀ ಜೀನೋಮ್, ಅಂದರೆ ಜೀನುಗಳ ಪೂರ್ತಿ ಬರಹ, ಓದಿ ಪಕ್ಕಪಕ್ಕ ಇಟ್ಟು ನೋಡಿದರು. ಕಾಡು ಹುಳುಗಳಲ್ಲಿ ನಾನಾ ಥರ ಇದ್ದು, ಸಾಕು ಹುಳುಗಳಲ್ಲಿ ಮಾತ್ರ ಎಲ್ಲವೂ ಒಂದೇ ಥರ ಆಗಿಬಿಟ್ಟಿರುವ ಜಾಗಗಳನ್ನು ಹುಡುಕಿದರು. ಮನುಷ್ಯನ ಆಯ್ಕೆ ಬಿದ್ದಿರುವುದು ಅಲ್ಲೇ. ಅಂಥ ಜಾಗಗಳಲ್ಲಿ 354 ಜೀನುಗಳು ಸಿಕ್ಕವು. ರೇಷ್ಮೆ ಗ್ರಂಥಿ, ಕರುಳು, ಗಂಡಿನ ವೃಷಣದಲ್ಲಿ ಕೆಲಸ ಮಾಡುವ ಜೀನುಗಳು ಅದರಲ್ಲಿದ್ದವು. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟವಾದದ್ದು. ಕಾಡು ಹುಳುವಿನಲ್ಲಿರುವ ಜೀನು ವೈವಿಧ್ಯದ ಐದರಲ್ಲಿ ನಾಲ್ಕು ಪಾಲು ಸಾಕು ಹುಳುವಿನಲ್ಲೂ ಉಳಿದಿತ್ತು. ಅಂದರೆ ಯಾರೋ ಒಬ್ಬರು ನಾಲ್ಕು ಹುಳು ತಂದು ಶುರು ಮಾಡಿದ್ದಲ್ಲ. ತುಂಬಾ ಜನ, ತುಂಬಾ ಹುಳು ತಂದಿದ್ದರು. 2022ರಲ್ಲಿ ಇನ್ನೂ ದೊಡ್ಡ ಕೆಲಸ ಬಂತು. ಸಾವಿರಕ್ಕೂ ಹೆಚ್ಚು ತಳಿ ಮತ್ತು ಕಾಡು ಹುಳುಗಳ ಜೀನೋಮ್ ಓದಿದರು, ಅದರಲ್ಲಿ 545ನ್ನು ಉದ್ದುದ್ದ ತುಂಡುಗಳಾಗಿ ಓದಿ ಪೂರ್ತಿ ಜೋಡಿಸಿದರು.

ಬಣ್ಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಗಳ ಹುಳುಗಳು ಬೆಳ್ಳಗಿದ್ದವು, ಅಲ್ವಾ? ಕಾಡಿನಲ್ಲಿ ಹಸಿರು ಎಲೆಯ ಮೇಲೆ ಬಿಳಿ ಹುಳು ಅಂದರೆ ಕಾಗೆಗೆ ಕರೆದು ಊಟ ಹಾಕಿದ ಹಾಗೆ. ಮನೆಯೊಳಗೆ ಆ ಭಯ ಇಲ್ಲ. ಕಂದು ಬಣ್ಣ ತಯಾರಾಗುವ ದಾರಿಯಲ್ಲಿ ಟೈರೋಸಿನ್ ಹೈಡ್ರಾಕ್ಸಿಲೇಸ್ ಅನ್ನುವ ಒಂದು ಕಿಣ್ವ ಇದೆ. ಅದರ ಜೀನಿನ ಹತ್ತಿರ ಮನುಷ್ಯನ ಆಯ್ಕೆಯ ಗುರುತು ಸಿಕ್ಕಿದೆ. ಈ ಕಿಣ್ವದಿಂದ ಆಗುವ ಕೆಲಸ ಮೈಬಣ್ಣ ಒಂದೇ ಅಲ್ಲ. ಮಿದುಳಿನಲ್ಲಿ ಡೋಪಮಿನ್ ತಯಾರಾಗಲಿಕ್ಕೂ ಇದೇ ಬೇಕು. ಡೋಪಮಿನ್ ಅಂದರೆ ಓಡಾಟ, ಎಚ್ಚರ, ಹುರುಪಿಗೆ ಬೇಕಾದ ರಾಸಾಯನಿಕ. ಮೈಬಣ್ಣ ಮತ್ತು ಚಟುವಟಿಕೆ ಒಂದೇ ಅಡುಗೆಮನೆಯಿಂದ ಬರುತ್ತವೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಬಹುದು.

ಈಗ ಅಂಚಿಗೆ ಬರುವ ಹುಳುವಿನ ವಿಷಯಕ್ಕೆ ವಾಪಸ್ ಬರೋಣ. ಇಡೀ ಉತ್ತರದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಹುಳು ಅಲೆಯುವುದನ್ನು ಪೂರ್ತಿ ಮರೆತಿದೆಯಾ? ಮರೆತಿಲ್ಲ. ಐದನೇ ಹಂತದ ಕೊನೆಯಲ್ಲಿ ಹುಳು ಹಣ್ಣಾದಾಗ ಮಗಳು ನೋಡಿರಬೇಕು. ತಿನ್ನುವುದು ನಿಲ್ಲಿಸಿ, ಮೈ ಸ್ವಲ್ಪ ಪಾರದರ್ಶಕವಾಗಿ, ತಲೆ ಎತ್ತಿ ಅತ್ತಿತ್ತ ಹುಡುಕುತ್ತದೆ. ಆ ಒಂದು ದಿನ ಡಬ್ಬಿಯ ಮೂಲೆ ಮೂಲೆಗೆ ಹೋಗಿರುತ್ತದೆ. ಮೈಯಲ್ಲಿ ಎಕ್ಡೈಸೋನ್ ಹಾರ್ಮೋನು ಏರುವುದರಿಂದ ಬರುವ ಅಲೆದಾಟ ಅದು. ಗೂಡು ಕಟ್ಟಲು ಜಾಗ ಹುಡುಕಲೇಬೇಕು, ಆದ್ದರಿಂದ ರೈತನ ಆಯ್ಕೆ ಅದನ್ನು ಮುಟ್ಟಲಿಲ್ಲ.

ಎರಡನೇ ಸಾಕ್ಷಿ ಅಜ್ಜಿ ಎತ್ತಿ ಹಾಕುತ್ತಿದ್ದ ಆ ಹುಳುವೇ. ಅದಕ್ಕೆ ಬಂದಿರುತ್ತಿದ್ದದ್ದು ಹಾಲು ರೋಗ. ಮೈ ಊದಿ, ಚರ್ಮ ಹರಿದರೆ ಹಾಲಿನಂಥ ದ್ರವ ಸುರಿಯುತ್ತದೆ. ಇದು ಒಂದು ವೈರಸ್ಸಿನ ಕೆಲಸ. ರೋಗ ಹತ್ತಿದ ಹುಳು ಸಾಯುವ ಮುಂಚೆ ಸುಮ್ನೆ ಇರುವುದಿಲ್ಲ, ಅಂಚಿನಿಂದ ಅಂಚಿಗೆ ಓಡಾಡುತ್ತದೆ. ಹೋದ ಕಡೆಯೆಲ್ಲ ರೋಗ ಹರಡುತ್ತದೆ. 2005ರಲ್ಲಿ ವಿಜ್ಞಾನಿಗಳು ಈ ವೈರಸ್ಸಿನಿಂದ ಪಿಟಿಪಿ ಅನ್ನುವ ಒಂದು ಜೀನನ್ನು ಕಿತ್ತು ನೋಡಿದರು. ಆ ವೈರಸ್ ಹತ್ತಿದ ಹುಳುಗಳಲ್ಲಿ ಆ ಓಡಾಟವೇ ಬರಲಿಲ್ಲ. ಇನ್ನೂ ಬೆರಗಿನ ಸಂಗತಿ ಇದೆ. ಆ ಜೀನು ಹುಳುವಿನದೇ ಒಂದು ಜೀನನ್ನು ಹೋಲುತ್ತದೆ. ಬಹಳ ಹಿಂದೆ ಯಾವುದೋ ಪತಂಗದ ಪೂರ್ವಜರಿಂದ ವೈರಸ್ ಅದನ್ನು ಎತ್ತಿಕೊಂಡಿರಬೇಕು.

ಇದರಿಂದ ಏನು ತಿಳಿಯುತ್ತದೆ ನೋಡಿ. 5000 ವರ್ಷ ಸಾಕಿದ ಮೇಲೂ ಓಡಾಡುವ ನರಮಂಡಲ ಹಾಗೇ ಇದೆ. ನಲ್ಲಿ ಬಿಗಿಯಾಗಿದೆ, ಕೊಳಾಯಿಯಲ್ಲಿ ನೀರು ಇದೆ. ವೈರಸ್ ಬಂದು ನಲ್ಲಿ ತಿರುಗಿಸಿದರೆ ಹುಳು ನಡೆಯುತ್ತದೆ. ನಮ್ಮ ಅಜ್ಜಿಯಂಥವರು ತಲೆಮಾರುಗಟ್ಟಲೆ ಅಂಚಿನ ಹುಳುವನ್ನು ಎತ್ತಿ ಹಾಕಿದ್ದರಿಂದ ಬದಲಾದದ್ದು, ಹುಳು ಎಷ್ಟು ಬೇಗ ಹೊರಡುತ್ತದೆ ಅನ್ನುವುದು. ನಡೆಯಲು ಬರುತ್ತದೋ ಇಲ್ಲವೋ ಅನ್ನುವುದು ಬದಲಾಗಲಿಲ್ಲ.

ಹೋದ ವರ್ಷ ಬಾರಾಮತಿ ಕಡೆ ಒಬ್ಬ ರೈತರ ಶೆಡ್ಡಿಗೆ ಹೋಗಿದ್ದೆ. ಅಲ್ಲಿ ತಟ್ಟೆಯೂ ಇಲ್ಲ. ಉದ್ದುದ್ದ ಅಟ್ಟಣಿಗೆ, ಅದರ ಮೇಲೆ ತುತಿಯ, ಅಂದರೆ ಹಿಪ್ಪುನೇರಳೆಯ, ಕೊಂಬೆಗಳನ್ನೇ ಅಡ್ಡಡ್ಡ ಹಾಸಿರುತ್ತಾರೆ. ಸುತ್ತ ಒಂದು ಅಂಚೂ ಇಲ್ಲ. ಸಾವಿರಾರು ಹುಳು. "ಇವು ಕೆಳಗೆ ಇಳಿಯುವುದಿಲ್ಲವಾ?" ಅಂತ ಕೇಳಿದೆ. "ಹೇ ಕುಠೇ ಜಾಣಾರ್?" ಅಂದರು ಅವರು, ಇವು ಎಲ್ಲಿಗೆ ಹೋಗುತ್ತವೆ ಅಂತ. ಅಷ್ಟರಲ್ಲಿ ಶೆಡ್ಡಿನ ಕೊನೆಯಲ್ಲಿ ಒಂದು ಹುಳು ಕಬ್ಬಿಣದ ಕಂಬ ಹಿಡಿದು ಇಳಿಯುತ್ತಿತ್ತು. ಅವರು ಮಾತು ನಿಲ್ಲಿಸಿ, ಹೋಗಿ, ಎರಡು ಬೆರಳಲ್ಲಿ ಅದನ್ನು ಎತ್ತಿ ಬೇರೆ ಬಕೆಟ್ಟಿಗೆ ಹಾಕಿ ಬಂದರು. ಕೋಲಾರದ ನಮ್ಮ ಅಜ್ಜಿಯ ಕೈ ಅದೇ ಥರ ಹೋಗುತ್ತಿತ್ತು.

ಇನ್ನು ಚಿಟ್ಟೆ. ಪುಸ್ತಕದಲ್ಲಿ ಪತಂಗ ಅಂತ ಬರೆಯುತ್ತಾರೆ, ಊರಲ್ಲಿ ನಾವೆಲ್ಲ ಚಿಟ್ಟೆ ಅಂತಲೇ ಅನ್ನುವುದು. ಹಾರುವ ಶಕ್ತಿ ಮಾತ್ರ ನಿಜವಾಗಿ ಹೋಗಿದೆ. ಮೈ ಭಾರ, ರೆಕ್ಕೆ ಚಿಕ್ಕದು, ಹಾರಿಸುವ ಸ್ನಾಯು ಸೋತಿದೆ. ಹೆಣ್ಣಂತೂ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಇಟ್ಟ ಜಾಗದಲ್ಲೇ ಇರುತ್ತದೆ. ಗಂಡು ಹೆಣ್ಣನ್ನು ಹುಡುಕಿಕೊಂಡು ಮೈಲಿ ಹಾರಬೇಕಾಗಿಲ್ಲ, ಗೇಣು ದೂರದಲ್ಲೇ ಇರುತ್ತಾಳೆ. ಹಾರದ ಗಂಡಿಗೂ ಮರಿಯಾಗುತ್ತದೆ ಅಂದ ಮೇಲೆ ಹಾರುವ ಜೀನುಗಳು ಕೆಟ್ಟರೂ ಸೋಸಿ ತೆಗೆಯುವವರು ಯಾರು? ಓಡಾಟದಲ್ಲಿ ರೈತ ಆರಿಸಿದ, ಹಾರಾಟದಲ್ಲಿ ಕಾಪಾಡುವವರು ಇಲ್ಲದೆ ಹೋಯಿತು. ಇವೆರಡೂ ಬೇರೆ ಬೇರೆ.

ಆದರೆ ರೆಕ್ಕೆ ಬಡಿಯುವುದು ಹಾರುವ ಪ್ರಯತ್ನ ಅಂತ ಮಗಳು ತಿಳಿದಿದ್ದರೆ, ಅದು ಹಾಗಲ್ಲ ಅಂತ ಹೇಳಿ. ಅದಕ್ಕೊಂದು ಚಂದದ ಕಾರಣ ಇದೆ. ಹೆಣ್ಣು ಹೊಟ್ಟೆಯ ತುದಿಯಿಂದ ಒಂದು ವಾಸನೆ ಬಿಡುತ್ತದೆ. ಜರ್ಮನಿಯ ಅಡಾಲ್ಫ್ ಬ್ಯೂಟನಾಂಟ್ ಅವರ ತಂಡ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಅದನ್ನು ಬೇರ್ಪಡಿಸಿ 1959ರಲ್ಲಿ ಅದರ ರಚನೆ ತಿಳಿಸಿತು. ಹೆಸರು ಬಾಂಬಿಕೋಲ್. ಒಂದೇ ಜಾತಿಯ ಪ್ರಾಣಿಗಳು ಒಂದಕ್ಕೊಂದು ಸುದ್ದಿ ಕಳಿಸುವ ಇಂಥ ವಾಸನೆಗೆ ಫೆರೊಮೋನ್ ಅಂತಾರೆ, ಜಗತ್ತಿನಲ್ಲಿ ಮೊದಲು ಗುರುತಿಸಿದ ಫೆರೊಮೋನ್ ಅದು. ಗಂಡಿನ ಬಾಚಣಿಗೆಯಂಥ ಮೀಸೆಯಲ್ಲಿ ಸಾವಿರಾರು ಸಣ್ಣ ಕೂದಲಿವೆ. ಅಲ್ಲಿನ ನರಕೋಶಕ್ಕೆ ಬಾಂಬಿಕೋಲಿನ ಒಂದೇ ಒಂದು ಅಣು ತಗುಲಿದರೂ ಅದು ಮಿಡಿಯುತ್ತದೆ. ಗಂಡು ರೆಕ್ಕೆ ಬಡಿದು ಎದುರಿನ ಗಾಳಿಯನ್ನು ಮೀಸೆಯ ಕಡೆಗೆ ಎಳೆದುಕೊಳ್ಳುತ್ತದೆ. ಒಲೆ ಮುಂದೆ ಬೀಸಣಿಗೆ ಬೀಸಿದ ಹಾಗೆ. ಹಾರಲು ಬಾರದ ರೆಕ್ಕೆ ಮೂಸಲು ಕೆಲಸ ಮಾಡುತ್ತಿದೆ.

ಮನೆಯಲ್ಲೇ ನೋಡಬಹುದು. ಗಂಡನ್ನು ಬೇರೆ ಕಾಗದದ ಮೇಲೆ ಒಂಟಿಯಾಗಿ ಇಡಿ. ಸುಮ್ನೆ ಕೂರುತ್ತದೆ. ಒಂದು ಗೇಣು ದೂರದಲ್ಲಿ ಹೆಣ್ಣನ್ನು ಇಡಿ, ಫ್ಯಾನ್ ನಿಲ್ಲಿಸಿ. ಮೊದಲು ಮೀಸೆ ಎತ್ತುತ್ತದೆ. ಆಮೇಲೆ ರೆಕ್ಕೆ ನಡುಗುತ್ತದೆ. ನೇರ ನಾಲ್ಕು ಹೆಜ್ಜೆ, ವಾಸನೆ ತಪ್ಪಿದರೆ ಎಡಕ್ಕೆ ಬಲಕ್ಕೆ ಡೊಂಕು, ಆಗಲೂ ಸಿಗದಿದ್ದರೆ ಒಂದು ಸುತ್ತು. ಈ ಹುಡುಕಾಟ ಎಷ್ಟು ಪಕ್ಕಾ ಅಂದರೆ, 2013ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದವರು ಗಂಡು ಚಿಟ್ಟೆಯನ್ನು ಒಂದು ಚೆಂಡಿನ ಮೇಲೆ ನಡೆಯಲು ಬಿಟ್ಟು, ಆ ಚೆಂಡು ತಿರುಗಿದಂತೆ ಒಂದು ಪುಟ್ಟ ರೋಬೋಟ್ ಗಾಡಿ ಓಡುವ ಹಾಗೆ ಮಾಡಿದರು. ಚಿಟ್ಟೆ ಗಾಡಿ ಓಡಿಸಿಕೊಂಡು ವಾಸನೆಯ ಹತ್ತಿರ ಹೋಯಿತು!

ಇಂಥ ಸೂಕ್ಷ್ಮ ಮೂಗು ಇರುವ ಪ್ರಾಣಿಗೆ ಮಂಕು ಅನ್ನಲು ಆಗುತ್ತದಾ? 2014ರಲ್ಲಿ ಜರ್ಮನಿಯ ಯೇನಾದಲ್ಲಿ ಕಾಡು ಮತ್ತು ಸಾಕು ಚಿಟ್ಟೆಗಳ ಮೀಸೆ ಮತ್ತು ಮಿದುಳನ್ನು ಹೋಲಿಸಿ ನೋಡಿದರು. ಸಾಕು ಚಿಟ್ಟೆಗೆ ಸುತ್ತಲಿನ ಬೇರೆ ವಾಸನೆಗಳನ್ನು ಹಿಡಿಯುವ ಶಕ್ತಿ ತಗ್ಗಿತ್ತು, ಹೆಣ್ಣಿನಲ್ಲಿ ಅದರ ಗುರುತು ಎದ್ದು ಕಾಣುತ್ತಿತ್ತು. ಮೊಟ್ಟೆ ಇಡಲು ಮರ ಹುಡುಕುವ ಕೆಲಸ ಅವಳಿಗೆ ಇಲ್ಲವಲ್ಲ. ಗಂಡು ಬಾಂಬಿಕೋಲನ್ನು ಹಿಡಿಯುವ ಶಕ್ತಿ ಮಾತ್ರ ಕಾಡಿನ ಗಂಡಿನಷ್ಟೇ ಇತ್ತು. ಹೆಣ್ಣನ್ನು ಗುರುತಿಸದ ಗಂಡಿಗೆ ಹುಳು ಮನೆಯಲ್ಲೂ ಮರಿಯಾಗುವುದಿಲ್ಲ.

ಒಂದು ಜೀನು ನಡವಳಿಕೆಯನ್ನು ಎಷ್ಟು ತಿರುಗಿಸಬಲ್ಲದು ಅನ್ನುವುದಕ್ಕೂ ಇದೇ ಮೀಸೆಯಲ್ಲಿ ಸಾಕ್ಷಿ ಇದೆ. ಬಾಂಬಿಕೋಲ್ ಹಿಡಿಯುವ ಗ್ರಾಹಕದ (ವಾಸನೆಯ ಅಣುವನ್ನು ಹಿಡಿಯುವ ಪ್ರೋಟೀನು) ಜೀನನ್ನು 2004ರಲ್ಲಿ ಗುರುತಿಸಿದರು. 2011ರಲ್ಲಿ ಜಪಾನಿನವರು ಅದೇ ನರಕೋಶದಲ್ಲಿ ಬೇರೊಂದು ಜಾತಿಯ ಗ್ರಾಹಕ ಸೇರಿಸಿದರು. ಎಲೆಕೋಸಿಗೆ ಬೀಳುವ ಆ ಸಣ್ಣ ವಜ್ರಬೆನ್ನಿನ ಪತಂಗದ್ದು. ಆ ಗಂಡು ರೇಷ್ಮೆ ಚಿಟ್ಟೆಗಳು ಕೋಸಿನ ಪತಂಗದ ಹೆಣ್ಣಿನ ಹಿಂದೆ ಹೋದವು! ಮಿದುಳು ಅದೇ, ನಡಿಗೆ ಅದೇ. ಬಾಗಿಲಲ್ಲಿ ಒಂದು ಪ್ರೋಟೀನು ಬದಲಾದರೆ ಗುರಿಯೇ ಬೇರೆ.

ಎಲೆಕೋಸು ಅಂದಾಗ ನಿಮ್ಮ ಕೋಸಿನ ಎಲೆ ನೆನಪಾಯಿತು. ಇದಕ್ಕೆ ಮನುಷ್ಯ ಕಾರಣನಲ್ಲ. ಕಾಡಿನ ಮಂಡಾರಿನಾ ಕೂಡ ಹಿಪ್ಪುನೇರಳೆಯನ್ನೇ ನೆಚ್ಚಿರುವ ಹುಳು. ಮಲ್ಲಿಗೆ ಹೂವಿನ ಪರಿಮಳದಲ್ಲಿ ಇರುವ ಸಿಸ್-ಜಾಸ್ಮೋನ್ ಅನ್ನುವ ಪದಾರ್ಥ ಹಿಪ್ಪುನೇರಳೆ ಸೊಪ್ಪಿನಲ್ಲೂ ಚೂರು ಇದೆ, ಹುಳುವನ್ನು ಹತ್ತಿರ ಕರೆಯುವುದು ಅದೇ. ಬೇರೆ ಎಲೆಗೆ ಬಾಯಿ ಹಾಕದಂತೆ ತಡೆಯುವುದು ಕಹಿ ರುಚಿ ಹಿಡಿಯುವ ಒಂದು ಗ್ರಾಹಕ, ಹೆಸರು ಜಿಆರ್66. 2019ರಲ್ಲಿ ಚೀನಾದ ತಂಡ, ಬೇಕಾದ ಜೀನನ್ನೇ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಈ ಜೀನನ್ನು ಕೆಡಿಸಿದ ಹುಳುಗಳ ವಿಷಯ ಪ್ರಕಟಿಸಿತು. ಅವು ಸೇಬು ತಿಂದವು, ಪಿಯರ್ ತಿಂದವು, ಕಾಳನ್ನೂ ಬಿಡಲಿಲ್ಲ. ಕೋಸು ಬೇಡ ಅಂದದ್ದು ಸಾಕಿದವರು ಕೊಟ್ಟ ಅತಿ ಮುದ್ದಿನಿಂದ ಬಂದ ಹಟ ಅಲ್ಲ, ಬಾಯಿಯಲ್ಲಿ ಕೂತಿರುವ ಒಂದು ಕಾವಲು.

ಅಭ್ಯಾಸವಾ ಜೀನಾ ಅಂತ ಕೇಳಿದಿರಿ. ಮೊಟ್ಟೆಯಲ್ಲಿ ಬಂದದ್ದೆಲ್ಲ ಜೀನು ಅಲ್ಲ ಅನ್ನುವುದಕ್ಕೆ ರೇಷ್ಮೆಯಷ್ಟು ಒಳ್ಳೆಯ ಉದಾಹರಣೆ ಕಡಿಮೆ. ದ್ವಿತಳಿ ಹುಳುವಿನ (ವರ್ಷಕ್ಕೆ ಎರಡು ತಲೆಮಾರು ಬರುವ ತಳಿ) ಮೊಟ್ಟೆಯನ್ನು 25 ಡಿಗ್ರಿ ಬೆಚ್ಚಗೆ ಕಾವು ಕೊಟ್ಟು ಮರಿ ಮಾಡಿಸಿ. ಆ ಮರಿ ಬೆಳೆದು ಚಿಟ್ಟೆಯಾಗಿ ಇಡುವ ಮೊಟ್ಟೆಗಳು ನಿದ್ದೆಗೆ ಹೋಗುತ್ತವೆ, ಚಳಿಗಾಲ ಕಳೆಯದೆ ಒಡೆಯುವುದಿಲ್ಲ. ಅದೇ ಮೊಟ್ಟೆಯನ್ನು 15 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟಿದ್ದರೆ, ಆ ಹೆಣ್ಣು ಮುಂದೆ ಇಡುವ ಮೊಟ್ಟೆಗಳು ನಿದ್ದೆ ಮಾಡದೆ ಒಡೆಯುತ್ತವೆ. ತಾಯಿ ತಾನು ಮೊಟ್ಟೆಯಾಗಿದ್ದಾಗ ಕಂಡ ಬಿಸಿಯನ್ನು ಮಕ್ಕಳಿಗೆ ದಾಟಿಸುತ್ತಾಳೆ! ಈ ಬಿಸಿ ಹಿಡಿಯುವುದು ಟಿಆರ್‌ಪಿಎ1 ಅನ್ನುವ ಪ್ರೋಟೀನು ಅಂತ 2014ರಲ್ಲಿ ತೋರಿಸಿದರು. ಆದರೆ ಈ ನೆನಪು ಒಂದು ತಲೆಮಾರಿಗೆ ಮುಗಿಯುತ್ತದೆ. ಮುಂದಿನ ಮೊಟ್ಟೆಗೆ ಬೇರೆ ಬಿಸಿ ಕೊಟ್ಟರೆ ಎಲ್ಲ ಹೊಸದು. ಡಬ್ಬಿಯಲ್ಲಿ ಕೂರುವ ಗುಣ ಹೀಗಲ್ಲ. ಹುಳುವನ್ನು ಎಲ್ಲಿ ಸಾಕಿದರೂ, ಯಾರು ಸಾಕಿದರೂ ಅದು ಬರುತ್ತದೆ. ಅದು ಜೀನಿನದು.

ಕೊನೆಗೆ ಮಗಳ ಪ್ರಶ್ನೆ, ಮರದ ಮೇಲೆ ಬಿಟ್ಟರೆ? ದಯವಿಟ್ಟು ಬಿಡಬೇಡಿ. ಯೂರೋಪಿನಲ್ಲಿ ಇದನ್ನು ಮಾಡಿ ನೋಡಿದ್ದರು, ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಮರದ ಮೇಲೆ ಬಿಟ್ಟ ಹುಳುಗಳು ತಾವು ಕೂತ ಎಲೆಯ ಬುಡವನ್ನೇ ತಿಂದು ಕೆಳಗೆ ಬಿದ್ದವು. ಕೆಲವು ಮತ್ತೆ ಹತ್ತಿದವು. ಒಬ್ಬರ ಪ್ರಯೋಗದಲ್ಲಿ ಬಿದ್ದ ಹುಳುಗಳು ಹತ್ತಲಾರದೆ ಹಸಿವಿನಿಂದ ಸತ್ತವು, ಒಂದು ಎಲೆಯಿಂದ ಇನ್ನೊಂದು ಎಲೆಗೆ ದಾಟಲೂ ಅವಕ್ಕೆ ಆಗಲಿಲ್ಲ. ಮರದ ಮೇಲೆ ಬದುಕುವ ಹುಳು ಹೇಗಿರುತ್ತದೆ ಅಂತ ಮಗಳಿಗೆ ತೋರಿಸಬೇಕಾದರೆ ಟಸರ್ ಅನ್ನುವ ಬೇರೆ ಜಾತಿಯ ರೇಷ್ಮೆ ಹುಳು ಇದೆ, ಇದೇ ಮಹಾರಾಷ್ಟ್ರದಲ್ಲಿ. ಗಡಚಿರೋಲಿ, ಭಂಡಾರಾ ಕಡೆ ಅದನ್ನು ಕಾಡಿನ ಮತ್ತಿ ಮರದ ಮೇಲೆಯೇ ಬೆಳೆಸುತ್ತಾರೆ. ಮರಾಠಿಯಲ್ಲಿ ಆ ಮರಕ್ಕೆ ಐನ್ ಅಂತಾರೆ, ಗೋವಾದವರಿಗೆ ಮತ್ತಿ ಅವರ ರಾಜ್ಯದ ಮರ. ಟಸರ್ ಹುಳು ಎಲೆಯಷ್ಟೇ ಹಸಿರು, ಕೊಂಬೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಚಿಟ್ಟೆ ಹಾರಿಹೋಗುತ್ತದೆ. ರೈತ ಇಡೀ ದಿನ ಕೂತು ಹಕ್ಕಿ ಓಡಿಸಬೇಕು. ಅದು ಇನ್ನೂ ಅರ್ಧ ಕಾಡಿನದೇ.

ನೂರು ತಲೆಮಾರು ಹೊರಗೆ ಇಟ್ಟರೆ ಅನ್ನುವವರಿಗೆ ನನ್ನ ಉತ್ತರ ಇಷ್ಟು. ಬಿಗಿಯಾದ ನಲ್ಲಿಯನ್ನು ಆಯ್ಕೆಯಿಂದ ಸ್ವಲ್ಪ ಸಡಿಲ ಮಾಡಬಹುದು, ಯಾಕೆಂದರೆ ವೈವಿಧ್ಯ ಉಳಿದಿದೆ. ಆದರೆ ಅದಕ್ಕೆ ಮೊದಲ ತಲೆಮಾರು ಬದುಕಬೇಕು. ಬಿಳಿ ಮೈ, ಹಾರದ ರೆಕ್ಕೆ, ಬಿದ್ದರೆ ಹತ್ತದ ಕಾಲು, ಮೂರೂ ಒಟ್ಟಿಗೆ ಇಟ್ಟುಕೊಂಡು ಡೊಂಬಿವಲಿಯ ಕಾಗೆಗಳ ಎದುರು ಅದು ಒಂದು ಮಧ್ಯಾಹ್ನವೂ ಉಳಿಯುವುದಿಲ್ಲ.

ಅದಕ್ಕಿಂತ ಮೊಟ್ಟೆಗಳ ಮೇಲೆ ಕಣ್ಣಿಡಿ. ಕಾಗದದ ಮೇಲೆ ಅಂಟಿಸಿದ ಮೊಟ್ಟೆ ಮೊದಲು ತಿಳಿ ಹಳದಿ ಇರುತ್ತದೆ. ಮೂರು ದಿನದಲ್ಲಿ ಬೂದಿ ಕಪ್ಪಾದರೆ ಅದು ನಿದ್ದೆಗೆ ಹೋದ ಮೊಟ್ಟೆ. ಚಳಿ ಸಿಗದೆ ಏಳುವುದಿಲ್ಲ. ಹಳದಿಯಾಗೇ ಉಳಿದರೆ ಸುಮಾರು ಹತ್ತು ದಿನಕ್ಕೆ ಒಡೆಯುತ್ತದೆ, ಒಡೆಯುವ ಮುಂಚೆ ಒಳಗೆ ಮರಿಯ ತಲೆಯ ಕಪ್ಪು ಚುಕ್ಕೆ ಕಾಣುತ್ತದೆ. ಶಿಡ್ಲಘಟ್ಟದ ಹುಳು ಮಿಶ್ರತಳಿ ಆಗಿದ್ದರೆ ಎರಡರಲ್ಲಿ ಯಾವುದೂ ಆಗಬಹುದು, ಮಗಳು ದಿನಾ ಬಣ್ಣ ಬರೆದಿಟ್ಟುಕೊಳ್ಳಲಿ. ಒಂದು ಹೆಣ್ಣು ಸುಮಾರು 400 ಮೊಟ್ಟೆ ಇಡುತ್ತದೆ. ಒಂದು ಹುಳು ಬೆಳೆಯಲು ಸುಮಾರು 20 ಗ್ರಾಂ ಸೊಪ್ಪು ಬೇಕು. ಅಂದರೆ ಒಂದೇ ತಾಯಿಯ ಮಕ್ಕಳಿಗೆ 8 ಕಿಲೋ ಸೊಪ್ಪು. ನಿಮ್ಮ ಸೊಸೈಟಿಯ ಮರ ಎಷ್ಟು ದೊಡ್ಡದಿದೆ ನೋಡಿ, ಅದಕ್ಕೆ ತಕ್ಕಷ್ಟು ಮೊಟ್ಟೆಯನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಿ.